ಒಂದು ಸೆಂಟಿಮೀಟರ್ ವೃತ್ತಕ್ಕೆ ಐಕಾನ್ ಬರೆಯುವ ಬಗೆ

ಫೋನಿನಲ್ಲಿ ನಿಮ್ಮ ಇನ್‌ಸ್ಟಾಗ್ರಾಮ್ ಪ್ರೊಫೈಲ್ ತೆರೆಯಿರಿ. ಹೆಸರು, ಪರಿಚಯದ ಸಾಲುಗಳ ಕೆಳಗೆ ಹೈಲೈಟ್‌ಗಳ, ಅಂದರೆ ಉಳಿಸಿಟ್ಟ ಸ್ಟೋರಿಗಳ, ದುಂಡು ಚಿತ್ರಗಳು ಸಾಲಾಗಿ ಇರುತ್ತವೆ. ಒಂದರ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ. ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬರುತ್ತದೆ. ನಾವು ಬರೆಯುವ ಐಕಾನ್‌ಗೆ ಸಿಗುವ ಜಾಗ ಅಷ್ಟೇ. ಗೆರೆ ಎಷ್ಟು ದಪ್ಪ ಇರಬೇಕು, ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು, ಯಾವ ಬಣ್ಣ ಹಾಕಬೇಕು ಅನ್ನುವುದನ್ನೆಲ್ಲ ಈ ಒಂದು ಅಳತೆಯೇ ತೀರ್ಮಾನ ಮಾಡುತ್ತದೆ. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಐಕಾನ್ ಎಷ್ಟು ಚಂದ ಕಂಡರೂ ಅದು ಲೆಕ್ಕಕ್ಕಿಲ್ಲ.

ನಾನು ಪುಸ್ತಕ ಬೈಂಡಿಂಗ್ ಮಾಡುವವಳು. ಕೈಯಲ್ಲೇ ಹೊಲಿದು ನೋಟ್‌ಬುಕ್ ಕಟ್ಟುತ್ತೇನೆ, ಬೆನ್ನು ಕಿತ್ತುಹೋದ ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡುತ್ತೇನೆ. ಈ ಕೆಲಸ ತೋರಿಸುವ ಪ್ರೊಫೈಲ್‌ಗೆ ಐಕಾನ್‌ಗಳನ್ನು ನಾನೇ ಬರೆದೆ. ಆಮೇಲೆ ಗೆಳತಿಯರು ಕೇಳಿದಾಗ ಅವರಿಗೂ ಬರೆದುಕೊಟ್ಟೆ. ರೆಡಿಮೇಡ್ ಐಕಾನ್‌ಗಳು ಬೇಕಾದಷ್ಟು ಸಿಗುತ್ತವೆ ನಿಜ. ಆದರೆ ಅವು ಎಲ್ಲರಿಗೂ ಹೊಂದಲಿ ಅಂತ ಮಾಡಿದವು. ಹೃದಯ, ನಕ್ಷತ್ರ, ಕ್ಯಾಮೆರಾ, ವಿಮಾನ ಇರುತ್ತವೆ. ದಾರ ಪೋಣಿಸಿದ ಬೈಂಡಿಂಗ್ ಸೂಜಿ ಇರುವುದಿಲ್ಲ. ನಿಮ್ಮ ಕೆಲಸದ ಮುಖ್ಯ ವಸ್ತು ಯಾವುದೋ ಅದೇ ನಿಮ್ಮ ಪ್ರೊಫೈಲ್‌ನಲ್ಲಿ ಕಾಣಬೇಕು, ಅಲ್ವಾ?

ಮೊದಲು ಪಟ್ಟಿ ಮಾಡಿ

ಚಿತ್ರ ಬರೆಯಲು ಕೂರುವ ಮೊದಲು ಎಷ್ಟು ವೃತ್ತ ಬೇಕು ಅಂತ ತೀರ್ಮಾನಿಸಿ. ಸ್ಟೋರಿ 24 ಗಂಟೆಯಲ್ಲಿ ಮಾಯವಾಗುತ್ತದೆ. ಅದನ್ನು ಪ್ರೊಫೈಲ್‌ನಲ್ಲಿ ಉಳಿಸಿಕೊಳ್ಳಲಿ ಅಂತ 2017ರ ಡಿಸೆಂಬರ್‌ನಲ್ಲಿ ಹೈಲೈಟ್ ಸೌಲಭ್ಯ ಬಂತು. ಉಳಿಸಲು ಸುಲಭ ಆದ ಕಾರಣ ಜನ ಉಳಿಸುತ್ತಲೇ ಹೋಗುತ್ತಾರೆ. ಇಪ್ಪತ್ತು, ಮೂವತ್ತು ಹೈಲೈಟ್ ಇರುವ ಪ್ರೊಫೈಲ್‌ಗಳಿವೆ. ಆದರೆ ಬೆರಳಿನಿಂದ ಸರಿಸದೆ ಒಂದೇ ನೋಟಕ್ಕೆ ಕಾಣುವುದು ನಾಲ್ಕೈದು ಮಾತ್ರ. ಹೊಸಬರಲ್ಲಿ ಹೆಚ್ಚಿನವರು ಅಷ್ಟನ್ನೇ ನೋಡಿ ಮುಂದೆ ಹೋಗುತ್ತಾರೆ.

ಅದಕ್ಕೇ ನಾನು ಐದಕ್ಕೆ ನಿಲ್ಲಿಸಿದ್ದೇನೆ: ನೋಟ್‌ಬುಕ್, ದುರಸ್ತಿ, ಕಲಿಕೆ, ಆರ್ಡರ್, ಪ್ರಶ್ನೆ. ಎಲ್ಲವೂ ಒಂದೇ ಪದ. ಕೆಳಗಿನ ಹೆಸರು ಉದ್ದವಾದರೆ ಆ್ಯಪ್ ಅದನ್ನು ಕತ್ತರಿಸಿ ಮೂರು ಚುಕ್ಕಿ ಹಾಕುತ್ತದೆ. ಐಕಾನ್ ಮತ್ತು ಹೆಸರು ಒಂದಕ್ಕೊಂದು ಜೋಡಿ ಅನ್ನುವುದು ನೆನಪಿರಲಿ. ಹೆಸರು ಹೇಳಿದ್ದನ್ನೇ ಐಕಾನ್ ಪೂರ್ತಿಯಾಗಿ ವಿವರಿಸಬೇಕಾಗಿಲ್ಲ. ಐಕಾನ್ ಕಣ್ಣನ್ನು ಹಿಡಿದು ನಿಲ್ಲಿಸಿದರೆ ಸಾಕು, ಉಳಿದದ್ದನ್ನು ಹೆಸರು ನೋಡಿಕೊಳ್ಳುತ್ತದೆ.

ಕೈಗೆ ಸಿಗುವ ವಸ್ತುವನ್ನೇ ಆರಿಸಿ

ಪಟ್ಟಿಯ ಪ್ರತಿ ಪದಕ್ಕೂ ಒಂದು ವಸ್ತು ಬೇಕು. ಮುಟ್ಟಬಹುದಾದ, ಹೊರಗೆರೆಯಿಂದಲೇ ಗುರುತು ಸಿಗುವ ವಸ್ತು. ‘ಕಲಿಕೆ’ ಅಂದ ಕೂಡಲೇ ಎಲ್ಲರಿಗೂ ಹೊಳೆಯುವುದು ಪದವಿ ಟೋಪಿ ಅಥವಾ ಬಲ್ಬು. ನಾನು ಕಲಿಸುವುದು ಹೊಲಿಗೆ. ಹಾಗಾಗಿ ಸೂಜಿ ಇಟ್ಟೆ. ಮೊದಲು ಹೊಳೆದದ್ದನ್ನು ಒಂದು ಕಡೆ ಬರೆದಿಟ್ಟು, ‘ಈ ವಿಷಯದಲ್ಲಿ ನನ್ನ ಕೈ ನಿಜವಾಗಿ ಏನನ್ನು ಹಿಡಿದಿರುತ್ತದೆ?’ ಅಂತ ಕೇಳಿಕೊಳ್ಳಿ. ಸಂಗೀತ ಕಲಿಸುವ ಗೆಳತಿಯೊಬ್ಬಳು ಸ್ವರದ ಚಿಹ್ನೆ ಬೇಕು ಅಂದಿದ್ದಳು. ಅವಳು ಪಾಠ ಮಾಡುವಾಗ ಎದುರಿಗೆ ಸದಾ ಇರುವುದು ಲಯ ಹಿಡಿಯಲು ಟಕ್ ಟಕ್ ಅನ್ನುವ ಮೆಟ್ರೊನೋಮ್. ಅದನ್ನೇ ಬರೆದೆವು. ತ್ರಿಕೋನದಂಥ ಪೆಟ್ಟಿಗೆ, ಓರೆಯಾದ ಒಂದು ಕಡ್ಡಿ. ಬೇರೆ ಯಾರ ಪ್ರೊಫೈಲ್‌ನಲ್ಲೂ ಅದು ಸುಲಭಕ್ಕೆ ಕಾಣಸಿಗುವುದಿಲ್ಲ.

ಒಂದು ವೃತ್ತಕ್ಕೆ ಒಂದೇ ವಸ್ತು. ಪುಸ್ತಕದ ಮೇಲೆ ಕತ್ತರಿ, ಅದರ ಪಕ್ಕ ಅಂಟಿನ ಬ್ರಷ್ ಅಂತ ಸೇರಿಸುತ್ತಾ ಹೋದರೆ ಒಂದು ಸೆಂಟಿಮೀಟರ್‌ನಲ್ಲಿ ಮೂರೂ ಕಾಣುವುದಿಲ್ಲ.

ಇಷ್ಟು ಚಿಕ್ಕ ಜಾಗದಲ್ಲಿ ಏನು ಹೇಳಲು ಸಾಧ್ಯ ಅಂತ ಅನುಮಾನ ಬಂದರೆ ಸೂಸನ್ ಕೇರ್ ಅವರ ಕೆಲಸ ನೋಡಿ. 1984ರಲ್ಲಿ ಬಂದ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರ್‌ಗೆ ಐಕಾನ್ ಬರೆದವರು ಅವರು. ಉದ್ದಕ್ಕೆ 32, ಅಗಲಕ್ಕೆ 32 ಮನೆಗಳು, ಅಂದರೆ ಪುಟ್ಟ ಚೌಕಗಳು, ಕಪ್ಪು ಮತ್ತು ಬಿಳಿ ಮಾತ್ರ. ಗ್ರಾಫ್ ಪುಸ್ತಕದಲ್ಲಿ ಮನೆಗಳನ್ನು ತುಂಬಿ ಅವರು ಚಿತ್ರ ಕಟ್ಟುತ್ತಿದ್ದರು. 1999ರಲ್ಲಿ ಜಪಾನಿನ ಶಿಗೆತಕಾ ಕುರಿತಾ ಎಂಬವರು ಮೊಬೈಲ್ ಫೋನಿಗಾಗಿ ಮಾಡಿದ 176 ಎಮೋಜಿಗಳಿಗೆ ಸಿಕ್ಕಿದ್ದು ಇನ್ನೂ ಕಡಿಮೆ ಜಾಗ, 12ಕ್ಕೆ 12 ಚುಕ್ಕಿ. ಅಷ್ಟರಲ್ಲೇ ಕೊಡೆ, ಚಂದ್ರ, ಹೃದಯ ಎಲ್ಲವೂ ಗುರುತು ಸಿಗುತ್ತವೆ. ಅವನ್ನು ದೊಡ್ಡದು ಮಾಡಿ ಒಂದೊಂದೇ ಚುಕ್ಕಿ ನೋಡುತ್ತಾ ಹೋಗುವುದು ನನಗೆ ತುಂಬಾ ಇಷ್ಟ. ಏನನ್ನು ಬಿಟ್ಟಿದ್ದಾರೆ ಅನ್ನುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಗ್ರಾಫ್ ಹಾಳೆಯ ಮೇಲೆ

ಇದೇ ಮುಖ್ಯ ಹಂತ. ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ಸಾಫ್ಟ್‌ವೇರ್ ಇನ್ನೂ ತೆರೆಯಬೇಡಿ.

ಗ್ರಾಫ್ ಹಾಳೆಯಲ್ಲಿ 24ಕ್ಕೆ 24 ಮನೆಯ ಚೌಕಗಳನ್ನು ಹಾಕಿಕೊಳ್ಳಿ, ಎಷ್ಟು ಐಕಾನ್ ಬೇಕೋ ಅಷ್ಟು, ಒಂದೇ ಹಾಳೆಯಲ್ಲಿ ಅಕ್ಕಪಕ್ಕ. ಬೇರೆ ಬೇರೆ ಹಾಳೆಯಲ್ಲಿ ಬರೆದರೆ ಅವು ಒಂದೇ ಗುಂಪಿನವು ಅನ್ನಿಸುವುದಿಲ್ಲ. ಪ್ರತಿ ಚೌಕದಲ್ಲಿ ನಾಲ್ಕೂ ಕಡೆ ಎರಡೆರಡು ಮನೆ ಅಂಚು ಬಿಡಿ. ಒಳಗೆ ಉಳಿಯುವ 20ಕ್ಕೆ 20 ಮನೆಗಳಲ್ಲೇ ಚಿತ್ರ ಕೂರಬೇಕು. ಗೂಗಲ್‌ನ ಮೆಟೀರಿಯಲ್ ಐಕಾನ್‌ಗಳು ಇದೇ ಲೆಕ್ಕದಲ್ಲಿ ಇವೆ. ಅವರ ಇನ್ನೊಂದು ನಿಯಮವನ್ನೂ ನಾನು ಹಾಗೇ ತೆಗೆದುಕೊಂಡಿದ್ದೇನೆ. ದುಂಡಗಿನ ವಸ್ತುವಾದರೆ ಅಗಲ 20 ಮನೆ. ಚೌಕವಾದರೆ 18. ನಿಂತ ಆಯತವಾದರೆ 16 ಅಗಲ, 20 ಎತ್ತರ. ಮಲಗಿದ ಆಯತವಾದರೆ 20 ಅಗಲ, 16 ಎತ್ತರ.

ಇದು ಯಾಕೆ ಅಂತ ಲೆಕ್ಕ ಮಾಡಿ ನೋಡಿದರೆ ಖುಷಿಯಾಗುತ್ತದೆ. 20 ಮನೆ ಅಗಲದ ವೃತ್ತ ಸುಮಾರು 314 ಮನೆ ಜಾಗ ತುಂಬುತ್ತದೆ. 18ರ ಚೌಕ 324. 16ಕ್ಕೆ 20ರ ಆಯತ 320. ಮೂರೂ ಹೆಚ್ಚುಕಡಿಮೆ ಒಂದೇ. ಅದೇ 20ರ ಚೌಕ ಬರೆದಿದ್ದರೆ 400 ಆಗುತ್ತಿತ್ತು, ಪಕ್ಕದ ವೃತ್ತಕ್ಕಿಂತ ಧಡೂತಿಯಾಗಿ ಕಾಣುತ್ತಿತ್ತು. ಕಣ್ಣು ಅಳೆಯುವುದು ಅಗಲವನ್ನಲ್ಲ, ತುಂಬಿದ ಜಾಗವನ್ನು. ‘ಎಲ್ಲ ಒಂದೇ ಅಳತೆಯಲ್ಲಿ ಮಾಡಿದ್ದೇನೆ, ಆದರೂ ಒಂದು ಮಾತ್ರ ದೊಡ್ಡದಾಗಿ ಕಾಣುತ್ತದೆ’ ಅಂತ ಎಷ್ಟೋ ಜನ ಹೇಳುತ್ತಾರೆ. ಕಾರಣ ಇದೇ.

ಆಮೇಲೆ ಗೆರೆಯ ನಿಯಮಗಳು. ಹಾಳೆಯ ಮೇಲ್ಭಾಗದಲ್ಲಿ ಬರೆದಿಟ್ಟುಕೊಳ್ಳಿ. ಗೆರೆಯ ದಪ್ಪ ಎಲ್ಲ ಕಡೆ 2 ಮನೆ. ಎರಡು ಗೆರೆಗಳ ನಡುವಿನ ಖಾಲಿ ಜಾಗ ಕನಿಷ್ಠ 2 ಮನೆ. ಗೆರೆಯ ತುದಿಗಳು ದುಂಡಗೆ. ಹೊರಮೂಲೆಗಳಿಗೆ 2 ಮನೆಯ ತಿರುವು. ಓರೆ ಗೆರೆ ಬೇಕಾದರೆ 45 ಡಿಗ್ರಿ ಮಾತ್ರ. ನಿಮಗೆ ಚೂಪು ಮೂಲೆ ಇಷ್ಟವಾದರೆ ಅದನ್ನೇ ಆರಿಸಿ, ಆದರೆ ಎಲ್ಲ ಐಕಾನ್‌ಗೂ ಅದೇ ಇರಲಿ. ಐದು ಚಿತ್ರಗಳನ್ನು ಒಂದು ಕುಟುಂಬ ಮಾಡುವುದು ಈ ನಿಯಮಗಳೇ.

ನಡುವಿನ ಖಾಲಿ ಜಾಗದ ನಿಯಮವನ್ನು ಮಾತ್ರ ಯಾವ ಕಾರಣಕ್ಕೂ ಮುರಿಯಬೇಡಿ. ನಾವು ಮುಂದೆ ಹಾಕಿಕೊಳ್ಳುವ ಅಳತೆಯಲ್ಲಿ 2 ಮನೆ ಅಂದರೆ ಫೋನಿನ ಮೇಲೆ ಸುಮಾರು 0.4 ಮಿಲಿಮೀಟರ್. ಅದಕ್ಕಿಂತ ಕಡಿಮೆಯಾದರೆ ಎರಡು ಗೆರೆ ಅಂಟಿಕೊಂಡು ಒಂದೇ ಮಬ್ಬು ಪಟ್ಟೆಯಾಗುತ್ತದೆ.

ಈಗ ನನ್ನ ಐದನ್ನು ಹೇಗೆ ಬರೆದೆ ಅಂತ ಹೇಳುತ್ತೇನೆ. ನಿಮ್ಮ ವಸ್ತುಗಳು ಬೇರೆಯಾದರೂ ಎದುರಾಗುವ ಪ್ರಶ್ನೆಗಳು ಇವೇ.

ನೋಟ್‌ಬುಕ್ ಸುಲಭ. 16ಕ್ಕೆ 20ರ ನಿಂತ ಆಯತ, ಎಡ ಅಂಚಿನಿಂದ 4 ಮನೆ ಒಳಗೆ ಬೆನ್ನಿನ ಒಂದು ನೇರ ಗೆರೆ. ಅಷ್ಟೇ. ರಟ್ಟಿನ ದಪ್ಪ, ಒಳಗಿನ ಹಾಳೆಗಳ ಅಂಚು ತೋರಿಸಬೇಕು ಅನ್ನಿಸುತ್ತದೆ. ಬೇಡ. ಅವು ಬಂದ ಕೂಡಲೇ 2 ಮನೆ ನಿಯಮ ಮುರಿಯುತ್ತದೆ.

ಸೂಜಿಯಲ್ಲಿ ಸುಳ್ಳು ಅಳತೆ ಬೇಕಾಗುತ್ತದೆ. ನಿಜವಾದ ಸೂಜಿಯ ಕಣ್ಣು ಎಷ್ಟು ಸಣ್ಣದು! ಹಾಗೇ ಬರೆದರೆ ಮೊಳೆಯೋ ಕಡ್ಡಿಯೋ ಅನ್ನಿಸುತ್ತದೆ. ಕಣ್ಣಿನ ತೂತು 2 ಮನೆ, ಅದರ ಎರಡೂ ಬದಿಯ ಗೆರೆ ಎರಡೆರಡು ಮನೆ, ಒಟ್ಟು ಸೂಜಿಯ ತಲೆ 6 ಮನೆ ಅಗಲ. ಮೈ ಮಾತ್ರ 2 ಮನೆಯ ಒಂದೇ ಗೆರೆ. ದೊಡ್ಡದಾಗಿ ನೋಡಿದರೆ ವಿಚಿತ್ರ ಆಕಾರ. ಚಿಕ್ಕದಾಗಿ ನೋಡಿದರೆ ಸೂಜಿಯೇ. ಯಾವ ಭಾಗದಿಂದ ವಸ್ತುವಿನ ಗುರುತು ಸಿಗುತ್ತದೋ ಆ ಭಾಗವನ್ನು ಧೈರ್ಯವಾಗಿ ಹಿಗ್ಗಿಸಿ. ಸೂಜಿಯನ್ನು 45 ಡಿಗ್ರಿ ಓರೆಯಾಗಿ ಮಲಗಿಸಿದೆ, ಏಕೆಂದರೆ ಚೌಕದೊಳಗೆ ಅತಿ ಉದ್ದದ ಗೆರೆ ಹಿಡಿಸುವುದು ಮೂಲೆಯಿಂದ ಮೂಲೆಗೆ. ಕಣ್ಣಿನಿಂದ ಹೊರಟ ದಾರಕ್ಕೆ ಒಂದೇ ಒಂದು ತಿರುವು.

ದುರಸ್ತಿಗೆ ನಾನು ಎಲ್ಲಕ್ಕಿಂತ ಹೆಚ್ಚು ಯೋಚಿಸಿದೆ. ಹರಿದ ಪುಸ್ತಕ ತೋರಿಸಬೇಕೋ, ಸರಿಯಾದ ಪುಸ್ತಕ ತೋರಿಸಬೇಕೋ? ಹರಿದದ್ದಕ್ಕೆ ಅಂಕುಡೊಂಕು ಗೆರೆ ಬೇಕು, ಅದು ಚಿಕ್ಕದಾದಾಗ ಗಲೀಜಾಗಿ ಕಾಣುತ್ತದೆ. ಕೊನೆಗೆ ತೆರೆದ ಪುಸ್ತಕ ಬರೆದೆ. ಮಲಗಿದ ಆಯತ, ನಡುವೆ ಒಂದು ಗೆರೆ, ಆ ಗೆರೆಯನ್ನು ಅಡ್ಡ ದಾಟುವ ಎರಡು ಹೊಲಿಗೆ. ಹರಿದಿತ್ತು ಅನ್ನುವುದೂ, ಹೊಲಿದಾಗಿದೆ ಅನ್ನುವುದೂ ಆ ಎರಡು ಪುಟ್ಟ ಗೆರೆಗಳಲ್ಲೇ ಬಂದುಬಿಟ್ಟಿತು. 2 ಮನೆಯ ಅಂತರ ಬಿಟ್ಟು ಮೂರನೆಯ ಹೊಲಿಗೆ ಹಾಕಲು ಎತ್ತರ ಸಾಲುತ್ತಿರಲಿಲ್ಲ, ಒಳಗೆಲ್ಲ ಗೆರೆಗಳೇ ತುಂಬಿಕೊಳ್ಳುತ್ತಿದ್ದವು.

ಆರ್ಡರ್‌ಗೆ 18ರ ಚೌಕದ ಪೆಟ್ಟಿಗೆ, ಮೇಲಿನಿಂದ 6 ಮನೆ ಕೆಳಗೆ ಮುಚ್ಚಳದ ಅಡ್ಡಗೆರೆ, ಅದರ ನಡುವಿನಿಂದ ಇಳಿದ ಚಿಕ್ಕ ಟೇಪಿನ ಗೆರೆ.

ಪ್ರಶ್ನೆಗೆ ಮಾತಿನ ಗುಳ್ಳೆಯೊಳಗೆ ಪ್ರಶ್ನಾರ್ಥಕ ಚಿಹ್ನೆ ಇಡುವುದು ವಾಡಿಕೆ. ಹಾಗೆ ಇಟ್ಟರೆ ಒಳಗಿನ ಚಿಹ್ನೆಗೆ ಸಿಗುವ ಅಗಲ 6 ಮನೆ, ಫೋನಿನಲ್ಲಿ 1.2 ಮಿಲಿಮೀಟರ್. ಗುಳ್ಳೆಯನ್ನು ತೆಗೆದುಹಾಕಿ ಚಿಹ್ನೆಯನ್ನೇ 10 ಅಗಲ, 18 ಎತ್ತರಕ್ಕೆ ಬರೆದೆ. ಹೇಗಿದ್ದರೂ ಸುತ್ತ ಇನ್‌ಸ್ಟಾಗ್ರಾಮ್‌ನ ವೃತ್ತ ಇದ್ದೇ ಇದೆಯಲ್ಲ.

ಕಪ್ಪು ತುಂಬಿ ನೋಡಿ

ಹಾಳೆಯ ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಪ್ರತಿ ಐಕಾನ್‌ನ ಹೊರಗೆರೆಯನ್ನು ಮಾತ್ರ ಎತ್ತಿಕೊಳ್ಳಿ. ಒಳಗೆಲ್ಲ ಕಪ್ಪು ತುಂಬಿ. ಒಳಗಿನ ವಿವರ ಇಲ್ಲದೆಯೂ ಒಂದರಿಂದ ಒಂದು ಬೇರೆ ಅಂತ ಗೊತ್ತಾಗಬೇಕು. ನನ್ನ ಐದರಲ್ಲಿ ಮೂರು ಪೆಟ್ಟಿಗೆಯಂಥ ಆಕಾರಗಳೇ. ಆದರೆ ನೋಟ್‌ಬುಕ್ ನಿಂತಿದೆ, ದುರಸ್ತಿ ಮಲಗಿದೆ, ಆರ್ಡರ್ ಚೌಕ. ಸೂಜಿ ಓರೆ, ಪ್ರಶ್ನೆ ಬಳುಕಿದ ಗೆರೆ. ಅಷ್ಟು ಬೇರೆತನ ಸಾಕು. ನಿಮ್ಮಲ್ಲಿ ಎರಡು ಒಂದೇ ತರಹ ಕಂಡರೆ ಬಣ್ಣ ಬದಲಿಸಿ ಸರಿಮಾಡಲು ಹೋಗಬೇಡಿ. ಒಂದರ ವಸ್ತುವನ್ನೇ ಬದಲಿಸಿ.

ಕಂಪ್ಯೂಟರಿಗೆ ಇಳಿಸುವುದು

ನಾನು ಬಳಸುವುದು ಇಂಕ್‌ಸ್ಕೇಪ್. 2003ರಿಂದ ಇರುವ ಉಚಿತ ಸಾಫ್ಟ್‌ವೇರ್, ಫೈಲನ್ನು ನೇರವಾಗಿ ಎಸ್‌ವಿಜಿಯಲ್ಲೇ ಉಳಿಸುತ್ತದೆ. ಎಸ್‌ವಿಜಿಯಲ್ಲಿ ಚಿತ್ರ ಚುಕ್ಕಿಗಳಾಗಿ ಅಲ್ಲ, ಗೆರೆಗಳ ಲೆಕ್ಕವಾಗಿ ಇರುತ್ತದೆ. ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಫಿಗ್ಮಾ, ಇಲಸ್ಟ್ರೇಟರ್ ಗೊತ್ತಿದ್ದವರು ಅದರಲ್ಲೇ ಮಾಡಿ, ಅಳತೆಗಳು ಬದಲಾಗುವುದಿಲ್ಲ. ಕ್ಯಾನ್ವಾದಲ್ಲಿ ರೆಡಿ ಆಕಾರಗಳನ್ನು ಜೋಡಿಸುವುದು ಸುಲಭ, ಆದರೆ ಗೆರೆಯ ದಪ್ಪವನ್ನು ಇಷ್ಟು ಬಿಗಿಯಾಗಿ ಹಿಡಿಯುವುದು ಕಷ್ಟ.

ಹೊಸ ಫೈಲ್ ತೆರೆದು ಕಂಟ್ರೋಲ್, ಶಿಫ್ಟ್, ಡಿ ಒತ್ತಿ. ಪುಟದ ಅಳತೆ 1080ಕ್ಕೆ 1080 ಪಿಕ್ಸೆಲ್ ಮಾಡಿ. ಸ್ಟೋರಿಯ ಅಳತೆ 1080ಕ್ಕೆ 1920. ಆ ಅಳತೆಯಲ್ಲೂ ಕವರ್, ಅಂದರೆ ಹೈಲೈಟ್‌ನ ಮುಖಚಿತ್ರ, ಮಾಡಬಹುದು, ಆದರೆ ಕಾಣುವುದು ವೃತ್ತ ಮಾತ್ರ ಆದ್ದರಿಂದ ಚೌಕವೇ ಅನುಕೂಲ. ಅದೇ ಕಿಟಕಿಯ ಗ್ರಿಡ್ ವಿಭಾಗದಲ್ಲಿ ಆಯತದ ಗ್ರಿಡ್ ಸೇರಿಸಿ. ಮನೆಯ ಅಳತೆ 22 ಪಿಕ್ಸೆಲ್, ಶುರುವಾಗುವ ಜಾಗ ಎರಡೂ ದಿಕ್ಕಿನಲ್ಲಿ 276. ಈ ಸಂಖ್ಯೆಗಳು ಹೀಗೆ ಬಂದವು: 24 ಮನೆಗಳನ್ನು 22ರಿಂದ ಗುಣಿಸಿದರೆ 528, ಪುಟದ ಸುಮಾರು ಅರ್ಧ. ಉಳಿದ 552 ಪಿಕ್ಸೆಲ್ ಎರಡೂ ಬದಿಗೆ 276ರಂತೆ ಹಂಚಿಹೋಗುತ್ತದೆ. 2 ಮನೆಯ ಗೆರೆ ಅಂದರೆ 44 ಪಿಕ್ಸೆಲ್.

ಅರ್ಧವೇ ಯಾಕೆ, ಇನ್ನೂ ದೊಡ್ಡದು ಮಾಡಬಾರದಾ ಅಂತ ಕೇಳಬಹುದು. 1080 ಅಗಲದ ವೃತ್ತದೊಳಗೆ ಮೂಲೆ ಕತ್ತರಿಸದೆ ಹಿಡಿಸುವ ಅತಿ ದೊಡ್ಡ ಚೌಕ 763 ಪಿಕ್ಸೆಲ್. ಅಲ್ಲಿಯವರೆಗೂ ಹೋಗಬಹುದು ನಿಜ. ಆದರೆ ಆಗ ಪೆಟ್ಟಿಗೆಯ ಮೂಲೆಗಳು ವೃತ್ತದ ಅಂಚಿಗೆ ತಾಗಿದಂತೆ ಇರುತ್ತವೆ, ಪಕ್ಕದ ಸೂಜಿಗೋ ಸುತ್ತ ಬೇಕಾದಷ್ಟು ಜಾಗ. ಅರ್ಧದಲ್ಲಿ ಇಟ್ಟರೆ ಎಲ್ಲಕ್ಕೂ ಉಸಿರಾಡಲು ಜಾಗ ಸಿಗುತ್ತದೆ. ನಿಮ್ಮ ಐಕಾನ್‌ಗಳೆಲ್ಲ ದುಂಡಗಿದ್ದರೆ ಮನೆಯ ಅಳತೆಯನ್ನು 26ರವರೆಗೂ ಏರಿಸಿ. ಆಗ ಶುರುವಿನ ಜಾಗ 228, ಗೆರೆ 52 ಪಿಕ್ಸೆಲ್.

ಈ ಖಾಲಿ ಫೈಲನ್ನು ‘ಅಚ್ಚು’ ಅಂತ ಉಳಿಸಿ, ಪ್ರತಿ ಐಕಾನ್‌ಗೆ ಒಂದು ಪ್ರತಿ ಮಾಡಿಕೊಳ್ಳಿ. ಸ್ನ್ಯಾಪಿಂಗ್ ಆನ್ ಇರಲಿ, ಗೆರೆ ತಾನಾಗಿ ಗ್ರಿಡ್‌ಗೆ ಅಂಟಿಕೊಳ್ಳುತ್ತದೆ. ಗೆರೆಯ ನಡುಭಾಗ ಗ್ರಿಡ್ ಮೇಲೆ ಕೂರುತ್ತದೆ, ದಪ್ಪ ಎರಡೂ ಕಡೆ ಒಂದೊಂದು ಮನೆ ಹರಡುತ್ತದೆ. ಹಾಗಾಗಿ 16 ಅಗಲದ ಪುಸ್ತಕಕ್ಕೆ ಆಯತವನ್ನು 14ಕ್ಕೆ ಎಳೆಯಬೇಕು. ಫಿಲ್ ಮತ್ತು ಸ್ಟ್ರೋಕ್ ಕಿಟಕಿಯಲ್ಲಿ ಫಿಲ್ (ಒಳಗೆ ತುಂಬುವ ಬಣ್ಣ) ತೆಗೆದು, ಸ್ಟ್ರೋಕ್ (ಗೆರೆ) 44 ಪಿಕ್ಸೆಲ್, ತುದಿ ಮತ್ತು ಮೂಲೆ ಎರಡೂ ದುಂಡಗೆ ಅಂತ ಆರಿಸಿ.

ಚಿತ್ರವನ್ನು ಆಮೇಲೆ ಹಿಗ್ಗಿಸಿದರೆ ಗೆರೆಯ ದಪ್ಪವೂ ಬದಲಾಗಿಬಿಡುತ್ತದೆ. ನಿಯಮಗಳೆಲ್ಲ ಹಾಳಾಗುವುದು ಸಾಮಾನ್ಯವಾಗಿ ಇಲ್ಲೇ. ಅಳತೆ ಸರಿ ಇಲ್ಲ ಅನ್ನಿಸಿದರೆ ಇಡೀ ಚಿತ್ರವನ್ನು ಎಳೆಯಬೇಡಿ, ಬಿಂದುಗಳನ್ನು ಗ್ರಿಡ್ ಮೇಲೆ ಸರಿಸಿ.

ಅಲೈನ್ ಕಿಟಕಿಯಿಂದ ಚಿತ್ರವನ್ನು ಪುಟದ ನಡುವಿಗೆ ತನ್ನಿ. ಆಮೇಲೆ ಕಣ್ಣಿನಿಂದ ತಿದ್ದಿ. ಸಾಫ್ಟ್‌ವೇರ್ ನೋಡುವುದು ಹೊರಗಿನ ಚೌಕಟ್ಟನ್ನು ಮಾತ್ರ, ತೂಕ ಎಲ್ಲಿದೆ ಅಂತ ಅದಕ್ಕೆ ತಿಳಿಯದು. ಉದಾಹರಣೆಗೆ ವಿಡಿಯೊದ ಪ್ಲೇ ತ್ರಿಕೋನ. ಅದರ ತೂಕದ ಕೇಂದ್ರ ಇರುವುದು ತಳದಿಂದ ಮೂರನೇ ಒಂದು ಭಾಗದಲ್ಲಿ. ಚೌಕಟ್ಟಿನ ಲೆಕ್ಕದಲ್ಲಿ ನಡುವೆ ಇಟ್ಟರೆ ಎಡಕ್ಕೆ ಸರಿದಂತೆ ಕಾಣುತ್ತದೆ, ಸ್ವಲ್ಪ ಬಲಕ್ಕೆ ತಳ್ಳಬೇಕು. ನನ್ನ ಸೂಜಿಗೂ ಹೀಗೇ ಮಾಡಬೇಕಾಯಿತು. ತಲೆ ಮತ್ತು ದಾರ ಇರುವ ಕಡೆ ಭಾರ, ಮೊನೆಯ ಕಡೆ ಹಗುರ. ಅರ್ಧ ಮನೆಯಷ್ಟು ಮೊನೆಯ ದಿಕ್ಕಿಗೆ ಸರಿಸಿದರೆ ನಡುವೆ ಕೂತಂತಾಯಿತು. ಇಷ್ಟಕ್ಕೆ ಬಾಣದ ಕೀಲಿಗಳೇ ಸಾಕು.

ಬಣ್ಣ

ಎರಡೇ ಬಣ್ಣ ಸಾಕು. ಹಿನ್ನೆಲೆಗೆ ಒಂದು, ಗೆರೆಗೆ ಒಂದು. ಎಲ್ಲ ವೃತ್ತಗಳಿಗೂ ಅದೇ ಜೋಡಿ. ಪ್ರತಿ ಹೈಲೈಟ್‌ಗೆ ಬೇರೆ ಬಣ್ಣ ಕೊಡಬೇಕು ಅಂತ ತುಂಬಾ ಜನ ಬಯಸುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಬೇರೆ ಅಂತ ತೋರಿಸುವುದು ಆಕಾರದ ಕೆಲಸ, ಒಂದೇ ಮನೆಯವರು ಅಂತ ತೋರಿಸುವುದು ಬಣ್ಣದ ಕೆಲಸ.

ಮುಖ್ಯವಾದದ್ದು ಎರಡು ಬಣ್ಣಗಳ ನಡುವಿನ ಬೆಳಕಿನ ಅಂತರ. ವೆಬ್‌ನಲ್ಲಿ ಎಲ್ಲರಿಗೂ ಓದಲು ಬರಬೇಕು ಅಂತ ಮಾಡಿದ ಡಬ್ಲ್ಯೂಸಿಎಜಿ ನಿಯಮಾವಳಿ ಇದೆ. 2018ರ ಆವೃತ್ತಿಯಿಂದ ಅದು ಐಕಾನ್‌ಗಳಿಗೆ ಕನಿಷ್ಠ 3:1 ಅಂತರ ಕೇಳುತ್ತದೆ. ಎರಡು ಬಣ್ಣ ಕೊಟ್ಟರೆ ಅನುಪಾತ ಹೇಳುವ ಉಚಿತ ಕ್ಯಾಲ್ಕುಲೇಟರ್‌ಗಳು ಬೇಕಾದಷ್ಟಿವೆ. ಒಂದು ಸೆಂಟಿಮೀಟರ್‌ಗೆ ನಾನು 3ಕ್ಕೆ ನಿಲ್ಲುವುದಿಲ್ಲ, 7ಕ್ಕಿಂತ ಮೇಲೆ ಇರಲಿ ಅಂತ ನೋಡುತ್ತೇನೆ. ನನ್ನ ಹಿನ್ನೆಲೆ ಗಾಢ ನೀಲಿ, ಕೆಂಪು 31, ಹಸಿರು 58, ನೀಲಿ 95. ಗೆರೆ ಕೆನೆ ಬಣ್ಣ, 245, 236, 215. ಅವುಗಳ ಅಂತರ 9:1ಕ್ಕಿಂತ ಜಾಸ್ತಿ. ನಾನು ಹೆಚ್ಚಾಗಿ ಕಟ್ಟುವ ನೋಟ್‌ಬುಕ್‌ಗಳ ಬಟ್ಟೆ ಆ ನೀಲಿ, ದಾರ ಆ ಕೆನೆ. ನೀವೂ ಹೀಗೆ ನಿಮ್ಮ ಕೆಲಸದಲ್ಲೇ ಇರುವ ಬಣ್ಣ ಹುಡುಕಿ. ಫೋಟೊ ತೆಗೆದು ಅದರಿಂದಲೇ ಬಣ್ಣ ಎತ್ತಿಕೊಳ್ಳಬಹುದು.

ಕಡು ಕೆಂಪಿನ ಮೇಲೆ ಕಡು ಹಸಿರು, ಅಥವಾ ಕಪ್ಪಿನ ಮೇಲೆ ಕೆಂಪು ಗೆರೆ ಬೇಡ. ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣದವರು ನಮ್ಮ ನಡುವೆ ಇದ್ದಾರೆ, ಅದು ಮೊದಲ ಕಾರಣ. ಇನ್ನೊಂದು ಕಾರಣ ಫೈಲಿನ ಒಳಗಿನದು. ಅಪ್‌ಲೋಡ್ ಆದ ಚಿತ್ರವನ್ನು ಆ್ಯಪ್ ಮತ್ತೆ ಕುಗ್ಗಿಸುತ್ತದೆ. ಹೀಗೆ ಕುಗ್ಗಿಸುವಾಗ ಬೆಳಕಿನ ವಿವರವನ್ನು ಪೂರ್ತಿ ಉಳಿಸಿ, ಬಣ್ಣದ ವಿವರವನ್ನು ಅರ್ಧಕ್ಕೆ ಇಳಿಸುವುದು ಸಾಮಾನ್ಯ. ಬರೀ ಬಣ್ಣದಿಂದ ಬೇರೆಯಾದ ಅಂಚುಗಳು ಆಗ ಕದಡಿದಂತಾಗುತ್ತವೆ. ಬೆಳಕಿನಿಂದ ಬೇರೆಯಾದ ಅಂಚುಗಳು ಚೂಪಾಗಿ ಉಳಿಯುತ್ತವೆ. ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿ, ಅಲ್ಲೂ ಗೆರೆ ಎದ್ದು ಕಂಡರೆ ನಿಶ್ಚಿಂತೆ.

ಹಿನ್ನೆಲೆ ಅಚ್ಚ ಬಿಳಿಯೂ ಅಚ್ಚ ಕಪ್ಪೂ ಬೇಡ. ನೋಡುವವರ ಫೋನ್ ಬಿಳಿ ಥೀಮ್‌ನಲ್ಲಿ ಇರಬಹುದು, ಡಾರ್ಕ್ ಮೋಡ್‌ನಲ್ಲೂ ಇರಬಹುದು. ವೃತ್ತ ಪುಟದಲ್ಲಿ ಕರಗಿಹೋಗಬಾರದು.

ಅಕ್ಷರವನ್ನೇ ಐಕಾನ್ ಮಾಡುವುದಾದರೆ

ಕನ್ನಡ ಅಕ್ಷರಗಳು ವೃತ್ತದೊಳಗೆ ಬಹಳ ಚಂದ ಕೂರುತ್ತವೆ. ಒತ್ತಕ್ಷರ ಇಲ್ಲದ ಒಂದೇ ಅಕ್ಷರ ಆರಿಸಿ. ಒತ್ತು ಬಂದರೆ ಅಕ್ಷರ ಕೆಳಕ್ಕೆ ಜೋತು, ಇಡೀ ಆಕಾರವನ್ನು ಕುಗ್ಗಿಸಬೇಕಾಗುತ್ತದೆ. ಬಲೂ ತಮ್ಮ 2, ಅನೇಕ್ ಕನ್ನಡ, ನೋಟೋ ಸಾನ್ಸ್ ಕನ್ನಡ ಮೂರೂ ಮುಕ್ತ ಪರವಾನಗಿಯ ಫಾಂಟ್‌ಗಳು. ದಪ್ಪನೆಯ ರೂಪಗಳೂ ಇವೆ. ಬಲೂ ತಮ್ಮದ ದುಂಡು ತುದಿಗಳು ಮೇಲೆ ಹೇಳಿದ ಗೆರೆಗಳ ಜೊತೆ ಚೆನ್ನಾಗಿ ಹೊಂದುತ್ತವೆ. ಅಕ್ಷರ ಇಟ್ಟಾದ ಮೇಲೆ ಕಂಟ್ರೋಲ್, ಶಿಫ್ಟ್, ಸಿ ಒತ್ತಿ ಅದನ್ನು ಆಕಾರವಾಗಿ ಬದಲಿಸಿ. ಆಗ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೂ ಕೆಡುವುದಿಲ್ಲ.

ಬೇರೆಯವರ ಚಿತ್ರ ಬಳಸುವಾಗ

ಎಲ್ಲವನ್ನೂ ನೀವೇ ಬರೆಯಬೇಕು ಅಂತೇನಿಲ್ಲ. ಮೆಟೀರಿಯಲ್ ಐಕಾನ್‌ಗಳು ಅಪಾಚೆ 2.0 ಪರವಾನಗಿಯಲ್ಲಿವೆ, ತಿದ್ದಿ ಬಳಸಬಹುದು. ಫಾಂಟ್ ಆಸಮ್‌ನ ಉಚಿತ ಐಕಾನ್‌ಗಳಿಗೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ 4.0 ಪರವಾನಗಿ ಇದೆ, ಬರೆದವರ ಹೆಸರು ಹೇಳಲೇಬೇಕು. ಬೇರೆ ಬೇರೆ ಕಡೆಯಿಂದ ತಂದು ಬೆರೆಸಿದರೆ ಗೆರೆಯ ದಪ್ಪ ಹೊಂದುವುದಿಲ್ಲ, ಅದಕ್ಕೇ ಒಂದೇ ಗುಂಪಿನಿಂದ ತನ್ನಿ. ಸುಮ್ನೆ ಹುಡುಕಿದಾಗ ಸಿಕ್ಕಿದ್ದನ್ನು ಎತ್ತಿಕೊಳ್ಳಬೇಡಿ. ಅದನ್ನೂ ಯಾರೋ ಕೂತು ಬರೆದಿರುತ್ತಾರೆ. ವಾಟ್ಸಾಪ್, ಯೂಟ್ಯೂಬ್‌ನಂಥ ಲೋಗೊಗಳು ಟ್ರೇಡ್‌ಮಾರ್ಕ್, ಅವುಗಳ ಬಣ್ಣ, ಆಕಾರ ಬದಲಿಸಲು ಆ ಕಂಪನಿಗಳು ಒಪ್ಪುವುದಿಲ್ಲ. ಎಐಗೆ ಹೇಳಿ ಮಾಡಿಸಿದ ಐಕಾನ್‌ಗಳನ್ನೂ ನೋಡಿದ್ದೇನೆ. ಒಂದೊಂದಾಗಿ ಚೆನ್ನಾಗಿರುತ್ತವೆ, ಐದನ್ನು ಸಾಲಾಗಿ ಇಟ್ಟಾಗ ಗೆರೆಯ ದಪ್ಪ, ಮೂಲೆಯ ತಿರುವು ಒಂದೊಂದರಲ್ಲಿ ಒಂದೊಂದು ತರ.

ಫೋನಿಗೆ ಹಾಕುವುದು

ಪಿಎನ್‌ಜಿಯಾಗಿ 1080 ಪಿಕ್ಸೆಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಜೆಪೆಗ್ ಮಾಡಿದರೆ ಗೆರೆಯ ಅಂಚಿನಲ್ಲಿ ಈಗಲೇ ಕಲೆಗಳು ಸೇರುತ್ತವೆ, ಅಪ್‌ಲೋಡ್ ಆದಾಗ ಇನ್ನೊಂದಿಷ್ಟು. ಕಂಪ್ಯೂಟರಿನಿಂದ ಫೋನಿಗೆ ಚಾಟ್ ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಬೇಡಿ, ಅದೂ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಅಥವಾ ಕೇಬಲ್ ಹಾಕಿ.

ಫೋನಿನ ಗ್ಯಾಲರಿಯಲ್ಲಿ ಚಿತ್ರಗಳನ್ನು ಎರಡು ಬೆರಳಿನಿಂದ ಕುಗ್ಗಿಸುತ್ತಾ ಹೋದರೆ ಪುಟ್ಟ ಪುಟ್ಟ ಚೌಕಗಳಾಗಿ ಕಾಣುತ್ತವಲ್ಲ, ಆ ಅಳತೆ ಹೈಲೈಟ್‌ಗೆ ತುಂಬಾ ಹತ್ತಿರ. ಅಪ್‌ಲೋಡ್ ಮಾಡುವ ಮೊದಲು ಅಲ್ಲೇ ಪರೀಕ್ಷೆ ಮಾಡಿಬಿಡಿ. ಕೈ ಚಾಚಿ ಹಿಡಿದು ನೋಡಿ. ಪರದೆಯ ಬೆಳಕು ಕಡಿಮೆ ಮಾಡಿ ನೋಡಿ. ನಿಮ್ಮ ಕೆಲಸದ ಪರಿಚಯ ಇಲ್ಲದ ಒಬ್ಬರಿಗೆ ತೋರಿಸಿ, ‘ಇವು ಏನೇನು?’ ಅಂತ ಮಾತ್ರ ಕೇಳಿ. ಸುಳಿವು ಕೊಡಬೇಡಿ. ಅವರು ತಡವರಿಸಿದ ಕಡೆಯೇ ನಿಮ್ಮ ಮುಂದಿನ ಕೆಲಸ. ದುರಸ್ತಿಯ ಹೊಲಿಗೆಗಳನ್ನು ಒಬ್ಬರು ಏಣಿಯ ಮೆಟ್ಟಿಲು ಅಂದರು. ಎರಡು ಹೊಲಿಗೆಗಳ ನಡುವಿನ ಅಂತರ ಹೆಚ್ಚಿಸಿದ ಮೇಲೆ ಆ ಗೊಂದಲ ಹೋಯಿತು.

ಪ್ರೊಫೈಲ್‌ನಲ್ಲಿ ಹೈಲೈಟ್ ಅನ್ನು ಒತ್ತಿ ಹಿಡಿಯಿರಿ. ಎಡಿಟ್ ಹೈಲೈಟ್, ಆಮೇಲೆ ಎಡಿಟ್ ಕವರ್. ಅಲ್ಲಿ ಗ್ಯಾಲರಿಯ ಚಿಹ್ನೆ ಇರುತ್ತದೆ, ಅದರಿಂದ ನಿಮ್ಮ ಚಿತ್ರ ಆರಿಸಿ. ಕವರ್ ಚಿತ್ರವನ್ನು ಸ್ಟೋರಿಯಾಗಿ ಹಾಕುವ ಅಗತ್ಯ ಇಲ್ಲ. ವೃತ್ತದೊಳಗೆ ಚಿತ್ರವನ್ನು ಹಿಗ್ಗಿಸಲು, ಸರಿಸಲು ಆ್ಯಪ್ ಬಿಡುತ್ತದೆ. ಬೆರಳು ತಾಗಿಸಬೇಡಿ. ತೆರೆದಾಗ ಹೇಗೆ ಕೂತಿದೆಯೋ ಹಾಗೇ ಒಪ್ಪಿಕೊಳ್ಳಿ. ಒಂದನ್ನು ಚೂರು ಹಿಗ್ಗಿಸಿದರೂ ಗ್ರಾಫ್ ಹಾಳೆಯಲ್ಲಿ ಹೊಂದಿಸಿದ ಲೆಕ್ಕ ತಪ್ಪುತ್ತದೆ.

ಹೈಲೈಟ್‌ಗಳ ಕ್ರಮ ನೋಡಿ. ಯಾವುದಕ್ಕೆ ಹೊಸ ಸ್ಟೋರಿ ಸೇರಿಸುತ್ತೀರೋ ಅದು ಎಡಗಡೆ ಮೊದಲಿಗೆ ಬರುತ್ತದೆ. ಆರ್ಡರ್ ಮೊದಲು ಇರಲಿ ಅನ್ನಿಸಿದರೆ ಕೊನೆಗೆ ಅದಕ್ಕೊಂದು ಸ್ಟೋರಿ ಸೇರಿಸಿ.

ಇವುಗಳಲ್ಲೇ ಒಂದನ್ನು ಪ್ರೊಫೈಲ್ ಚಿತ್ರ ಮಾಡುವ ಆಸೆ ಇದ್ದರೆ ಸ್ವಲ್ಪ ಬದಲಾವಣೆ ಬೇಕು. ಯೂಟ್ಯೂಬ್, ಎಕ್ಸ್ (ಹಿಂದಿನ ಟ್ವಿಟರ್) ಎರಡೂ ಕತ್ತರಿಸುವುದು ವೃತ್ತಕ್ಕೇ. ಆದರೆ ಕಾಮೆಂಟ್‌ಗಳ ಪಕ್ಕದಲ್ಲಿ ಅದೇ ಚಿತ್ರ ಹೈಲೈಟ್‌ನ ಅರ್ಧದಷ್ಟು ಚಿಕ್ಕದಾಗಿ ಕಾಣುತ್ತದೆ. 2 ಮನೆಯ ಗೆರೆ ಅಲ್ಲಿ ಸಾಲದು, 3 ಮನೆ ಮಾಡಿ. ಗೆರೆ ದಪ್ಪವಾದಾಗ ಒಳಗಿನ ಒಂದೊಂದು ವಿವರ ಕೈಬಿಡಬೇಕಾಗುತ್ತದೆ. ನನ್ನ ಪ್ರೊಫೈಲ್ ಚಿತ್ರದ ಸೂಜಿಗೆ ದಾರವೇ ಇಲ್ಲ.

ಎಸ್‌ವಿಜಿ ಫೈಲ್‌ಗಳನ್ನೂ ಗ್ರಾಫ್ ಹಾಳೆಯನ್ನೂ ಎಸೆಯಬೇಡಿ. ಅಚ್ಚಿನ ಫೈಲಿನಲ್ಲಿ ಪುಟದ ಹೊರಗಿನ ಖಾಲಿ ಜಾಗದಲ್ಲಿ ಮನೆಯ ಅಳತೆ, ಗೆರೆಯ ದಪ್ಪ, ಎರಡೂ ಬಣ್ಣಗಳ ಸಂಖ್ಯೆ ಟೈಪ್ ಮಾಡಿಡಿ. ಎಕ್ಸ್‌ಪೋರ್ಟ್ ಮಾಡುವಾಗ ಪೇಜ್ ಅಂತ ಆರಿಸಿದರೆ ಆ ಬರಹ ಚಿತ್ರದಲ್ಲಿ ಬರುವುದಿಲ್ಲ. ಮುಂದೆ ಆರನೆಯ ಹೈಲೈಟ್ ಬೇಕಾದಾಗ ಆ ಫೈಲಿನ ಪ್ರತಿ ತೆರೆದು ಅಲ್ಲಿಂದಲೇ ಶುರು ಮಾಡಬಹುದು.